ಹೈಬ್ರಿಡ್ ಗಿಟಾರ್ ವೇದಿಕೆಯ ವಾದ್ಯ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಹೊಸದಾಗಿ ಗಿಟಾರ್ ಕೊಳ್ಳುವವರಿಗಾಗಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ವಾದ್ಯಗಳ ರಚನೆ, ಮರ, ತಂತಿಗಳ ಬಗ್ಗೆ ಕನ್ನಡದಲ್ಲಿ ಇಷ್ಟು ವಿವರವಾಗಿ ಬರೆಯುವವರು ಕಡಿಮೆ. ಅದಕ್ಕಾಗಿ ಲೇಖಕರಿಗೂ ತಮಗೂ ನಾನು ಕೃತಜ್ಞ. ಆದರೆ ಅಕೌಸ್ಟಿಕ್ (ಮರದ ಒಡಲಿನಿಂದಲೇ ಮೊಳಗುವ) ಮತ್ತು ಎಲೆಕ್ಟ್ರಿಕ್ (ಆಂಪ್ ಎಂಬ ಧ್ವನಿವರ್ಧಕದ ಮೂಲಕ ಮೊಳಗುವ) ಗಿಟಾರ್ ಎರಡರ ನಾದವನ್ನೂ ಕೊಡುವ ಹೈಬ್ರಿಡ್ ಗಿಟಾರ್ ತೆಗೆದುಕೊಂಡರೆ ಎರಡನೆಯ ವಾದ್ಯದ ಖರ್ಚು ಉಳಿಯುತ್ತದೆ, ಆದ್ದರಿಂದ ಕಲಿಯುವ ಮಕ್ಕಳಿಗೂ ಅದೇ ಸೂಕ್ತ ಎಂಬ ಕೊನೆಯ ಸಲಹೆಯನ್ನು ಓದಿ ಸುಮ್ಮನಿರಲು ಮನಸ್ಸಾಗಲಿಲ್ಲ. ಸುಗಮ ಸಂಗೀತದ ವಾದ್ಯವೃಂದಗಳಲ್ಲಿ ಗಿಟಾರ್ ನುಡಿಸುತ್ತ, ಬಿಡುವಿನಲ್ಲಿ ಮಕ್ಕಳಿಗೆ ಕಲಿಸುತ್ತ ಬಂದಿರುವ ನನ್ನ ಅಭಿಪ್ರಾಯದಲ್ಲಿ ಹೈಬ್ರಿಡ್ ಗಿಟಾರ್ ವೇದಿಕೆಯ ಅಗತ್ಯದಿಂದ ಹುಟ್ಟಿದ ವಾದ್ಯ. ಅದನ್ನು ಆರಿಸುವಾಗಲೂ ವೇದಿಕೆಯನ್ನೇ ಕಣ್ಣ ಮುಂದಿಟ್ಟುಕೊಂಡು ಆರಿಸಬೇಕು.

ಆ ಅಗತ್ಯ ಎಂಥದೆಂಬುದು ನಮ್ಮ ಕಾರ್ಯಕ್ರಮಗಳನ್ನು ನೋಡಿದವರಿಗೆ ತಿಳಿಯದ ವಿಷಯವಲ್ಲ. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಸಂಗೀತ ಸಂಜೆಗಳು ಒಂದರ ಹಿಂದೊಂದು ಬರುತ್ತವೆ. ತಬಲಾ, ಕೀಬೋರ್ಡ್, ರಿದಂ ಪ್ಯಾಡ್, ಕೊಳಲು ಇವೆಲ್ಲ ಇರುವ ತಂಡದಲ್ಲಿ ಗಿಟಾರಿಗೆ ಸಾಮಾನ್ಯವಾಗಿ ಒಬ್ಬರೇ. ಭಾವಗೀತೆಯ ಪಲ್ಲವಿ ಎತ್ತುವ ಮುನ್ನ ಆ ಒಬ್ಬರೇ ತಂತಿಗಳನ್ನು ಬಿಡಿಬಿಡಿಯಾಗಿ ಮೀಟಿ ಗಾಯಕರಿಗೆ ಶ್ರುತಿಯ ಹಾಸು ಹಾಕಿಕೊಡಬೇಕು, ಚರಣದಲ್ಲಿ ತಬಲಾದ ನಡೆಗೆ ಹೊಂದುವಂತೆ ಸ್ಟ್ರಮಿಂಗ್, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಬಾರಿಸುವುದು, ಮಾಡಬೇಕು. ಮುಂದಿನ ಹಾಡು ಚಿತ್ರಗೀತೆಯಾಗಿದ್ದರೆ ಎರಡು ಚರಣಗಳ ನಡುವಿನ ಬಿಜಿಎಂನಲ್ಲಿ (ಹಿನ್ನೆಲೆ ಸಂಗೀತದಲ್ಲಿ) ಉದ್ದಕ್ಕೆ ನಿಲ್ಲುವ ಎಲೆಕ್ಟ್ರಿಕ್ ಲೀಡ್, ಅಂದರೆ ಒಂಟಿ ಸ್ವರಗಳ ಮುಖ್ಯ ರಾಗ, ಕೊಟ್ಟು, ಚರಣ ಶುರುವಾಗುವಷ್ಟರಲ್ಲಿ ಮತ್ತೆ ಅಕೌಸ್ಟಿಕ್ ನಾದಕ್ಕೆ ಮರಳಬೇಕು. ಎರಡು ಗಿಟಾರ್ ಒಯ್ದರೂ ಹಾಡಿನ ನಡುವೆ ಒಂದನ್ನು ಇಳಿಸಿ ಇನ್ನೊಂದನ್ನು ಹೆಗಲಿಗೆ ಹಾಕಿಕೊಳ್ಳುವಷ್ಟು ಮಾತ್ರೆಗಳು ಅಲ್ಲಿ ಸಿಗುವುದಿಲ್ಲ. ಇಂಥ ಕೆಲಸ ಮಾಡುವವರ ಪಾಲಿಗೆ ಹೈಬ್ರಿಡ್ ಗಿಟಾರ್ ನಿಜಕ್ಕೂ ಉಪಕಾರಿ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಈ ಬಯಕೆ ಇಂದಿನದೂ ಅಲ್ಲ. ಅಮೆರಿಕದ ಗಿಬ್ಸನ್ ಸಂಸ್ಥೆ 1954ರಲ್ಲಿಯೇ ಜೆ-160ಇ ಎಂಬ ಗಿಟಾರ್ ತಂದಿತು. ನೋಡಲು ಪೂರ್ಣ ಅಕೌಸ್ಟಿಕ್. ಆದರೆ ಬೆರಳಿಡುವ ಪಟ್ಟಿಯಾದ ಫ್ರೆಟ್‌ಬೋರ್ಡಿನ ಕೊನೆಯಲ್ಲಿ, ಉಕ್ಕಿನ ತಂತಿಯ ಕಂಪನವನ್ನು ಅಯಸ್ಕಾಂತದ ನೆರವಿನಿಂದ ವಿದ್ಯುತ್ತಾಗಿಸುವ ಒಂದು ಮ್ಯಾಗ್ನೆಟಿಕ್ ಪಿಕಪ್ ಇತ್ತು. 1962ರಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ಕೊಂಡದ್ದು ಇದನ್ನೇ. ಅದರ ರಚನೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಳ್ಳೆಯ ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆ ಇಡೀ ಮರದ್ದಾಗಿರುತ್ತದೆ, ಒಳಗಿನ ಆಧಾರಪಟ್ಟಿಗಳು ಒಂದನ್ನೊಂದು ಓರೆಯಾಗಿ ದಾಟುತ್ತವೆ. ಹಲಗೆ ಮುಕ್ತವಾಗಿ ಕಂಪಿಸಲು ಇದು ನೆರವಾಗುತ್ತದೆ. ಜೆ-160ಇ ಗಿಟಾರಿಗೆ ಪ್ಲೈವುಡ್ ಮೇಲ್ಹಲಗೆ, ಏಣಿಯ ಮೆಟ್ಟಿಲುಗಳಂತೆ ಅಡ್ಡಡ್ಡಲಾಗಿ ಕೂರಿಸಿದ ಪಟ್ಟಿಗಳು. ಹಲಗೆ ಹೆಚ್ಚು ಕಂಪಿಸಿದಷ್ಟೂ ಸ್ಪೀಕರಿನ ಸದ್ದು ಅದಕ್ಕೆ ಮರಳಿ ತಾಗಿ ಫೀಡ್‌ಬ್ಯಾಕ್ ಊಳಿಡುತ್ತದೆ. ಅದನ್ನು ತಡೆಯಲೆಂದು ತಯಾರಕರು ಅಕೌಸ್ಟಿಕ್ ನಾದದ ಒಂದು ಪಾಲನ್ನು ಬಿಟ್ಟುಕೊಟ್ಟರು. ಎಪ್ಪತ್ತು ವರ್ಷಗಳ ನಂತರವೂ ಪ್ರತಿಯೊಂದು ಹೈಬ್ರಿಡ್ ಗಿಟಾರಿನೊಳಗೆ ಇದೇ ಕೊಡುಕೊಳ್ಳುವಿಕೆ ಇದೆ. ಯಾವುದನ್ನು ಎಷ್ಟು ಬಿಟ್ಟುಕೊಟ್ಟಿದ್ದಾರೆ ಎಂದು ತಿಳಿದುಕೊಳ್ಳುವುದೇ ಆಯ್ಕೆಯ ಮೊದಲ ಹೆಜ್ಜೆ.

ಮೂಲದಲ್ಲಿ ಇವುಗಳನ್ನು ಎರಡು ಬಗೆಯಾಗಿ ನೋಡಬಹುದು. ಒಂದು, ಎಲೆಕ್ಟ್ರಿಕ್ ಗಿಟಾರಿಗೆ ಅಕೌಸ್ಟಿಕ್ ನಾದವನ್ನು ಸೇರಿಸಿದ್ದು. 1993ರಲ್ಲಿ ಬಂದ ಪಾರ್ಕರ್ ಫ್ಲೈ ಇದಕ್ಕೆ ಹೆಸರಾದ ಉದಾಹರಣೆ. ಮಾಮೂಲಿ ಮ್ಯಾಗ್ನೆಟಿಕ್ ಪಿಕಪ್‌ಗಳ ಜೊತೆಗೆ ಒಡಲ ಮೇಲೆ ತಂತಿಗಳು ಕೂರುವ ಅದರ ಬ್ರಿಡ್ಜಿನಲ್ಲಿ, ಒತ್ತಡವನ್ನು ವಿದ್ಯುತ್ತಾಗಿಸುವ ಪಿಯೆಜೋ ಪಿಕಪ್ ಇತ್ತು. ಪಿಆರ್‌ಎಸ್ ಸಂಸ್ಥೆಯ ಪಿಯೆಜೋ ಇರುವ ಹಾಲೋಬಾಡಿ ಎಂಬ ಎಲೆಕ್ಟ್ರಿಕ್ ಗಿಟಾರ್‌ಗಳೂ ಇದೇ ದಾರಿಯವು. ಇನ್ನೊಂದು, ಪೊಳ್ಳು ಒಡಲಿನ, ಅಕೌಸ್ಟಿಕ್ ಕಡೆಗೆ ವಾಲಿದ ವಾದ್ಯಕ್ಕೆ ಎಲೆಕ್ಟ್ರಿಕ್ ದನಿಯನ್ನು ಕೂಡಿಸಿದ್ದು. ಟೇಲರ್ ಸಂಸ್ಥೆ 2005ರಲ್ಲಿ ತಂದ ಟಿ5, ಫೆಂಡರ್ ಸಂಸ್ಥೆ 2019ರಲ್ಲಿ ತಂದ ಅಕೌಸ್ಟಾಸಾನಿಕ್ ಟೆಲಿಕ್ಯಾಸ್ಟರ್ ಈ ಬಗೆಯವು. ಫೆಂಡರಿನದರಲ್ಲಿ ಐದು ಸ್ಥಾನಗಳ ಒಂದು ಸ್ವಿಚ್, ಪ್ರತಿ ಸ್ಥಾನದಲ್ಲೂ ಎರಡು ನಾದಗಳ ನಡುವೆ ಓಡಾಡಿಸುವ ಮಾಡ್ ಎಂಬ ತಿರುಗಣೆ ಇವೆ. ಸ್ವಿಚ್ಚಿನ ಒಂದು ತುದಿಯಲ್ಲಿ ಬೇರೆ ಬೇರೆ ಮರ ಮತ್ತು ಗಾತ್ರದ ಅಕೌಸ್ಟಿಕ್ ಗಿಟಾರ್‌ಗಳ ನಾದದ ಪ್ರತಿರೂಪ, ನಡುವೆ ಒಡಲ ಮೇಲೆ ಬೆರಳಿನಿಂದ ತಟ್ಟಿದ್ದನ್ನೂ ಹಿಡಿಯುವ ಸ್ಥಾನ, ಆಮೇಲೆ ಎರಡರ ಮಿಶ್ರಣ, ಇನ್ನೊಂದು ತುದಿಯಲ್ಲಿ ಅಪ್ಪಟ ಎಲೆಕ್ಟ್ರಿಕ್. ಬಿಡುಗಡೆಯಾದಾಗ ಅಮೆರಿಕದಲ್ಲಿ ಅದರ ಬೆಲೆ 1,999 ಡಾಲರ್ ಇತ್ತು. 2021ರಲ್ಲಿ ಮೆಕ್ಸಿಕೋದಲ್ಲಿ ತಯಾರಾದ, ಮೂರು ಸ್ಥಾನಗಳ ಸ್ವಿಚ್ಚಿನ ಆವೃತ್ತಿ 1,199 ಡಾಲರಿಗೆ ಬಂತು.

ನೀವು ಹೆಚ್ಚಾಗಿ ನುಡಿಸುವುದು ಯಾವ ಅರ್ಧವೋ ಆ ಕಡೆಯಿಂದ ಹೊರಟ ಗಿಟಾರನ್ನು ತೆಗೆದುಕೊಳ್ಳಿ ಎಂಬುದು ನನ್ನ ಖಚಿತವಾದ ಸಲಹೆ. ಹತ್ತರಲ್ಲಿ ಎಂಟು ಹಾಡುಗಳಿಗೆ ಮೀಟು ಮತ್ತು ಸ್ಟ್ರಮಿಂಗ್ ಸಾಕೆನ್ನುವವರಿಗೆ ಎರಡನೆಯ ಬಗೆ ಹೊಂದುತ್ತದೆ. ಲೀಡ್ ನುಡಿಸುವುದೇ ಮುಖ್ಯ, ನಡುನಡುವೆ ಅಕೌಸ್ಟಿಕ್ ಬಣ್ಣ ಬೇಕೆನ್ನುವವರಿಗೆ ಮೊದಲನೆಯದು. ನೈಲಾನ್ ತಂತಿಯ ಮೃದು ನಾದವನ್ನೇ ಬಯಸುವವರ ದಾರಿ ಬೇರೆ: ನೈಲಾನ್ ತಂತಿಯನ್ನು ಮ್ಯಾಗ್ನೆಟಿಕ್ ಪಿಕಪ್ ಹಿಡಿಯಲಾರದು, ಅಂಥವರು ಕೆನಡಾದ ಗೋಡಿನ್ ಸಂಸ್ಥೆಯ ಮಲ್ಟಿಯಾಕ್‌ನಂತಹ ಪಿಯೆಜೋ ಆಧಾರಿತ ವಾದ್ಯಗಳನ್ನು ನೋಡಬೇಕು.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆಯನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಲೇಖನದಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲ. ಪಿಯೆಜೋ ಪಿಕಪ್ ಸಾಮಾನ್ಯವಾಗಿ ಬ್ರಿಡ್ಜಿನ ಮೇಲೆ ತಂತಿಗಳನ್ನು ಹೊರುವ ಸ್ಯಾಡಲ್ ಎಂಬ ಪಟ್ಟಿಯ ಅಡಿಯಲ್ಲಿ, ಕಣ್ಣಿಗೆ ಕಾಣದಂತೆ ಮಲಗಿರುವ ತೆಳುವಾದ ಪಟ್ಟಿ. ತಂತಿಯ ಕಂಪನದಿಂದ ತನ್ನ ಮೇಲೆ ಬೀಳುವ ಒತ್ತಡವನ್ನು ಅದು ವಿದ್ಯುತ್ತಾಗಿ ಬದಲಿಸುತ್ತದೆ. ಸ್ಯಾಡಲಿನ ತಳ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಎದ್ದಿದ್ದರೂ ಆ ಜಾಗದ ತಂತಿಯ ದನಿ ಸೊರಗುತ್ತದೆ. ಆದ್ದರಿಂದ ಸ್ವಿಚ್ಚನ್ನು ಅಕೌಸ್ಟಿಕ್ ಸ್ಥಾನದಲ್ಲಿಟ್ಟು, ಆರೂ ತಂತಿಗಳನ್ನು ಒಂದೇ ಬಲದಿಂದ, ನಿಧಾನವಾಗಿ, ಒಂದೊಂದಾಗಿ ಮೀಟಿ ಕೇಳಬೇಕು. ನಾಲ್ಕನೆಯದು ತುಂಬಿಬಂದು ಮೂರನೆಯದು ಹಿಂದೆ ಸರಿದರೆ ಆ ಗಿಟಾರಿಗೆ ಕುಶಲ ಕೈಯಿಂದ ಸೆಟಪ್, ಅಂದರೆ ಸ್ಯಾಡಲ್ ಮೊದಲಾದವುಗಳ ಹೊಂದಾಣಿಕೆ, ಆಗಬೇಕು, ಇಲ್ಲವೇ ಅದನ್ನು ಬಿಟ್ಟುಬಿಡಬೇಕು. ನಂತರ ಒಂದು ಕಾರ್ಡ್ ಹಿಡಿದು ಸ್ಟ್ರಮಿಂಗ್ ಮಾಡುತ್ತಲೇ ಸ್ವಿಚ್ಚನ್ನು ಅಕೌಸ್ಟಿಕ್‌ನಿಂದ ಎಲೆಕ್ಟ್ರಿಕ್‌ಗೆ ಸರಿಸಬೇಕು. ಆಗ ವಾಲ್ಯೂಮ್ ಒಮ್ಮೆಗೇ ಕುಸಿಯುವುದೋ ಏರುವುದೋ ಆದರೆ, ಹಾಡಿನ ನಡುವೆ ಗಾಯಕರ ದನಿಯನ್ನು ಮುಚ್ಚುವ ಅಪಾಯ ಇದ್ದೇ ಇರುತ್ತದೆ. ಕೊನೆಗೆ ವೈರ್ ತೆಗೆದು ಬರಿ ಗಿಟಾರನ್ನೂ ನುಡಿಸಿ ನೋಡಬೇಕು. ತೆಳು ಒಡಲಿನ ಹೈಬ್ರಿಡ್ ವಾದ್ಯದ ಬರಿದನಿ ಮನೆಯ ಅಭ್ಯಾಸಕ್ಕೆ ಸಾಕು, ಆದರೆ ಮೈಕಿಲ್ಲದ ಕೂಟದಲ್ಲಿ ನಾಲ್ಕು ಜನರ ಹಾಡಿನ ಜೊತೆ ನಿಲ್ಲುವುದಿಲ್ಲ.

ತಂತಿಯ ವಿಷಯವನ್ನು ಅಂಗಡಿಯವರೂ ಸಾಮಾನ್ಯವಾಗಿ ಹೇಳುವುದಿಲ್ಲ. ಅಕೌಸ್ಟಿಕ್ ಗಿಟಾರಿನ ದಪ್ಪ ತಂತಿಗಳಲ್ಲಿ ಉಕ್ಕಿನ ಎಳೆಯ ಮೇಲೆ ಕಂಚಿನ ಸುತ್ತು ಇರುತ್ತದೆ. ಮ್ಯಾಗ್ನೆಟಿಕ್ ಪಿಕಪ್ಪಿಗೆ ಕಾಣುವುದು ಒಳಗಿನ ಉಕ್ಕು ಮಾತ್ರ. ಸುತ್ತಿಲ್ಲದ ಮೊದಲೆರಡು ತಂತಿಗಳು ಪೂರ್ತಿ ಉಕ್ಕಾದ್ದರಿಂದ ಅವು ಎಲೆಕ್ಟ್ರಿಕ್ ಸ್ಥಾನದಲ್ಲಿ ಉಳಿದವನ್ನು ಮೀರಿ ಚಿಮ್ಮುತ್ತವೆ. ನಿಕಲ್ ಸುತ್ತಿನ ಎಲೆಕ್ಟ್ರಿಕ್ ತಂತಿ ಹಾಕಿದರೆ ಈ ಅಸಮತೋಲ ಹೋಗುತ್ತದೆ, ಜೊತೆಗೆ ಅಕೌಸ್ಟಿಕ್ ನಾದದ ಹೊಳಪೂ ಸ್ವಲ್ಪ ಹೋಗುತ್ತದೆ. ನಮ್ಮ ಸಂಗೀತಕ್ಕೆ ಇನ್ನೂ ಒಂದು ಮಾತು ಮುಖ್ಯ. ಅಕೌಸ್ಟಿಕ್ ಸೆಟ್ಟಿನ ಮೂರನೆಯ ತಂತಿಗೆ ಸಾಮಾನ್ಯವಾಗಿ ಸುತ್ತಿರುತ್ತದೆ, ಎಲೆಕ್ಟ್ರಿಕ್ ಸೆಟ್ಟಿನಲ್ಲಿ ಇರುವುದಿಲ್ಲ. ಸುತ್ತಿರುವ ಮೂರನೆಯ ತಂತಿಯನ್ನು ಎಳೆದು ಗಾಂಧಾರದಿಂದ ಮಧ್ಯಮಕ್ಕೆ ಮೀಂಡ್ ತರುವುದು ಬೆರಳಿಗೆ ಕಷ್ಟ, ಸ್ವರವೂ ಪೂರ್ತಿ ಮುಟ್ಟುವುದಿಲ್ಲ. ಭಾವಗೀತೆಗಳ ಬಿಜಿಎಂನಲ್ಲಿ ಗಮಕ ಬೇಕೆನ್ನುವವರು ಮೂರನೆಯ ತಂತಿಯನ್ನು ಸುತ್ತಿಲ್ಲದ್ದಕ್ಕೆ ಬದಲಿಸಿ ನುಡಿಸಿ ನೋಡಿಯೇ ತೀರ್ಮಾನಿಸಲಿ.

ಇಷ್ಟೆಲ್ಲ ಸರಿಯಾಗಿದ್ದರೂ ವೇದಿಕೆಯಲ್ಲಿ ಹೈಬ್ರಿಡ್ ಗಿಟಾರ್ ಸೋಲುವುದು ಅದರ ಔಟ್‌ಪುಟ್ಟಿನಲ್ಲಿ. ಈ ಪತ್ರ ಬರೆಯಲು ನನ್ನನ್ನು ಮುಖ್ಯವಾಗಿ ಪ್ರೇರೇಪಿಸಿದ ವಿಷಯವೂ ಇದೇ. ಎಲೆಕ್ಟ್ರಿಕ್ ಗಿಟಾರಿನ ಆಂಪ್‌ನಲ್ಲಿ ಸಾಮಾನ್ಯವಾಗಿ ಇರುವ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಬೇಗನೆ ತಗ್ಗಿಸಿಬಿಡುತ್ತದೆ. ಎಲೆಕ್ಟ್ರಿಕ್ ನಾದದ ದುಂಡಗಿನ ಗುಣ ಬರುವುದೇ ಅದರಿಂದ. ಅಕೌಸ್ಟಿಕ್ ನಾದದ ಮಿಂಚು, ಬೆರಳು ತಂತಿಗೆ ತಾಗುವ ಸೂಕ್ಷ್ಮ ಇರುವುದಾದರೋ ಅದಕ್ಕಿಂತ ಮೇಲೆ. ಹೀಗಾಗಿ ಹೈಬ್ರಿಡ್ ಗಿಟಾರನ್ನು ಮಾಮೂಲಿ ಗಿಟಾರ್ ಆಂಪ್‌ಗೆ ಸಿಕ್ಕಿಸಿದರೆ ಅಕೌಸ್ಟಿಕ್ ಭಾಗ ಮಂಕಾಗುತ್ತದೆ. ನೇರವಾಗಿ ಸಭಾಂಗಣದ ಮಿಕ್ಸರಿಗೆ ಕೊಟ್ಟರೆ ಅಕೌಸ್ಟಿಕ್ ಚೆನ್ನಾಗಿ ಬಂದು, ಡಿಸ್ಟಾರ್ಷನ್ (ದನಿಯನ್ನು ಬೇಕೆಂದೇ ಒರಟಾಗಿಸುವ ಪರಿಣಾಮ) ಹಾಕಿದ ಲೀಡ್ ಜೇನುಗೂಡಿಗೆ ಕಲ್ಲು ಬಿದ್ದಂತೆ ಕಿವಿಗೆರಗುತ್ತದೆ. ಪಿಆರ್‌ಎಸ್‌ನಂತಹ ಕೆಲವು ಗಿಟಾರ್‌ಗಳಲ್ಲಿ ಎರಡು ಪ್ರತ್ಯೇಕ ಔಟ್‌ಪುಟ್‌ಗಳಿರುತ್ತವೆ: ಪಿಯೆಜೋದ ದನಿಯನ್ನು ಡಿಐ ಬಾಕ್ಸ್ (ವಾದ್ಯದ ದನಿಯನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಪುಟ್ಟ ಸಾಧನ) ಮೂಲಕ ಮಿಕ್ಸರಿಗೆ, ಮ್ಯಾಗ್ನೆಟಿಕ್ ದನಿಯನ್ನು ಆಂಪ್‌ಗೆ ಕೊಡಬಹುದು. ಅಕೌಸ್ಟಾಸಾನಿಕ್‌ನಂತೆ ಒಂದೇ ಔಟ್‌ಪುಟ್ ಇರುವಂಥವಕ್ಕೆ ಮಲ್ಟಿ ಇಫೆಕ್ಟ್ಸ್ ಪೆಡಲ್, ಅಂದರೆ ನಾದವನ್ನು ಬದಲಿಸುವ, ಕಾಲಿನಿಂದ ಒತ್ತುವ ಸಾಧನ, ಬೇಕೇ ಬೇಕು. ಅದರಲ್ಲಿ ಅಕೌಸ್ಟಿಕ್‌ಗೆ ಸ್ಪೀಕರ್ ಸಿಮ್ಯುಲೇಷನ್ (ಗಿಟಾರ್ ಆಂಪ್ ಸ್ಪೀಕರಿನ ಗುಣದ ಅನುಕರಣೆ) ಇಲ್ಲದ ಒಂದು ಪ್ಯಾಚ್ (ಉಳಿಸಿಟ್ಟ ನಾದದ ಹೊಂದಿಕೆ), ಲೀಡ್‌ಗೆ ಅದು ಇರುವ ಇನ್ನೊಂದು ಪ್ಯಾಚ್ ಮಾಡಿಟ್ಟುಕೊಂಡು, ಗಿಟಾರಿನ ಸ್ವಿಚ್ ಬದಲಿಸುವಾಗ ಪಾದದಿಂದ ಪ್ಯಾಚನ್ನೂ ಬದಲಿಸಬೇಕು. ಒಂದು ಗಿಟಾರಿನ ಖರ್ಚು ಉಳಿಯಿತೆಂದು ಲೆಕ್ಕ ಹಾಕುವವರು ಈ ಪೆಡಲಿನ ಬೆಲೆಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಬ್ಯಾಟರಿಯ ಮಾತು ಚಿಕ್ಕದು, ಆದರೆ ಕಡೆಗಣಿಸುವಂಥದ್ದಲ್ಲ. ಪಿಯೆಜೋ ದನಿಯನ್ನು ಹದಗೊಳಿಸುವ ಒಳಗಿನ ಪ್ರಿಆಂಪ್‌ಗೆ ವಿದ್ಯುತ್ ಬೇಕು. ಕೆಲವಕ್ಕೆ 9 ವೋಲ್ಟಿನ ಬ್ಯಾಟರಿ, ಕೆಲವಕ್ಕೆ ಚಾರ್ಜ್ ಮಾಡುವ ಬ್ಯಾಟರಿ. ಊರೂರು ಸುತ್ತುವವರಿಗೆ ಯಾವ ಪೇಟೆಯಲ್ಲೂ ಸಿಗುವ 9 ವೋಲ್ಟಿನದೇ ನಿಶ್ಚಿಂತೆ ಎಂದು ನನಗೆ ಅನ್ನಿಸುತ್ತದೆ. ಹವೆಯ ಬಗ್ಗೆಯೂ ಎಚ್ಚರ ಇರಲಿ: ಗಿಟಾರ್ ತಯಾರಕರು ಸಾಮಾನ್ಯವಾಗಿ ಶೇ 45ರಿಂದ 55ರಷ್ಟು ಆರ್ದ್ರತೆ ಇರಲಿ ಎನ್ನುತ್ತಾರೆ; ಮಂಗಳೂರಿನ ಮಳೆಗಾಲವೂ ಕಲಬುರಗಿಯ ಬೇಸಿಗೆಯೂ ಆ ಮಿತಿಯ ಆಚೆಗೇ ಇರುತ್ತವೆ. ಮೇಲ್ಹಲಗೆ ಇಡೀ ಮರದ್ದಾದರೆ ಗಿಟಾರನ್ನು ಗಟ್ಟಿ ಪೆಟ್ಟಿಗೆಯಲ್ಲೇ ಇಡಬೇಕು.

ಇನ್ನು ಕಲಿಯುವ ಮಕ್ಕಳು. ಮೊದಲ ಎರಡು ವರ್ಷ ಅವರಿಗೆ ಬೇಕಾಗಿರುವುದು ಕೈಗೆ ಹಿತವಾದ ಕತ್ತು, ತಗ್ಗಾದ ಆಕ್ಷನ್ (ಫ್ರೆಟ್‌ಗಳಿಂದ ತಂತಿಗಿರುವ ಎತ್ತರ), ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ನಿಲ್ಲುವ ಒಂದು ಸರಳ ವಾದ್ಯ. ತಾನು ಮೀಟಿದ್ದು ಮರದಲ್ಲಿ ಹೇಗೆ ಮೊಳಗಿತು ಎಂದು ಮಗುವಿನ ಕಿವಿ ಮೊದಲು ಅರಿಯಬೇಕು. ಬಲ ಎಷ್ಟು, ಮೃದುತ್ವ ಎಷ್ಟು ಎಂಬುದನ್ನು ಬಲಗೈ ಕಲಿಯುವುದೇ ಆ ಅರಿವಿನಿಂದ. ಹೈಬ್ರಿಡ್ ಗಿಟಾರಿಗೆ ತೆರುವ ಹಣದಲ್ಲಿ ಒಂದು ಒಳ್ಳೆಯ ಅಕೌಸ್ಟಿಕ್ ಗಿಟಾರ್, ಮುಂದೆ ಬೇಕೆನಿಸಿದಾಗ ಒಂದು ಎಲೆಕ್ಟ್ರಿಕ್, ಎರಡನ್ನೂ ಕೊಳ್ಳಲು ಸಾಧ್ಯವಿದೆ. ಈಗಾಗಲೇ ಒಂದು ಗಿಟಾರ್ ಇದ್ದವರಿಗೂ ಬೇರೆ ದಾರಿಗಳಿವೆ: ಅಕೌಸ್ಟಿಕ್ ಗಿಟಾರಿನ ನಾದರಂಧ್ರಕ್ಕೆ ಮ್ಯಾಗ್ನೆಟಿಕ್ ಪಿಕಪ್ ಕೂರಿಸಬಹುದು, ಎಲೆಕ್ಟ್ರಿಕ್ ಗಿಟಾರಿಗೆ ಪಿಯೆಜೋ ಇರುವ ಸ್ಯಾಡಲ್‌ಗಳನ್ನು ಹಾಕಿಸಬಹುದು. ಪಿಯೆಜೋ ಹಾಕಿಸಿಕೊಂಡವರು ಅದನ್ನು ಪ್ರಿಆಂಪ್ ಇಲ್ಲದೆ ನೇರವಾಗಿ ಮಿಕ್ಸರಿಗೆ ಕೊಡಬಾರದು. ಅದರ ಮುಂದೆ ಕನಿಷ್ಠ ಹತ್ತು ಲಕ್ಷ ಓಮ್‌ನ ಇನ್‌ಪುಟ್ ಇಲ್ಲದಿದ್ದರೆ ಮಂದ್ರ ಸ್ವರಗಳೆಲ್ಲ ಸೋರಿಹೋಗಿ ದನಿ ತೆಳ್ಳಗಾಗುತ್ತದೆ.

ತಮ್ಮ ಪತ್ರಿಕೆಯ ಮೂಲಕ ಇಬ್ಬರಲ್ಲಿ ವಿನಂತಿ ಮಾಡಿಕೊಳ್ಳುತ್ತೇನೆ. ವಾದ್ಯದ ಅಂಗಡಿಯವರು ಪರೀಕ್ಷೆಯ ಕೋಣೆಯಲ್ಲಿ ಗಿಟಾರ್ ಆಂಪ್ ಜೊತೆಗೆ ಒಂದು ಚಿಕ್ಕ ಮಿಕ್ಸರ್ ಮತ್ತು ವೇದಿಕೆಯಲ್ಲಿ ಬಳಸುವಂತಹ ಒಂದು ಸ್ಪೀಕರ್ ಇಡಲಿ. ಎರಡರಲ್ಲೂ ಕೇಳದೆ ಹೈಬ್ರಿಡ್ ಗಿಟಾರ್ ಆರಿಸಲು ಆಗುವುದಿಲ್ಲ. ಕಾರ್ಯಕ್ರಮ ನಡೆಸುವ ಸಂಘಗಳವರು ಧ್ವನಿವರ್ಧಕದವರಿಗೆ ಮೊದಲೇ ತಿಳಿಸಿ ಗಿಟಾರಿಗೆ ಎರಡು ಚಾನೆಲ್ ಮೀಸಲಿಡಲಿ, ಅತಿಥಿಗಳು ಬರುವ ಮುನ್ನ ಎರಡೂ ನಾದಗಳ ಸೌಂಡ್ ಚೆಕ್ ಮುಗಿಸಲು ಹತ್ತು ನಿಮಿಷ ಕೊಡಲಿ.

ಇಂತಿ,
ಸುಗಮ ಸಂಗೀತದ ಒಬ್ಬ ಗಿಟಾರ್ ವಾದಕ,
ಮೈಸೂರು