ಹೊಲಾ ಮಾರೂಕಿಂತ ಮದಲ ಇದನ್ನ ಓದು

ದೋಸ್ತ,

ನಿನ್ನ ತಮ್ಮ ಜೂಜಾಡಿ ಮಾಡಿದ ಸಾಲಾ ಹರಿಯಾಕ ಬ್ಯಾಡಗಿ ಕಡೆ ಇರೂ ಎರಡ ಎಕರೆ ಮಾರತೀನಿ ಅಂತ ಬರದೀ. ಸ್ವಲ್ಪ ತಡಿ. ಜೂಜಿನ ಚಟಾ ಹತ್ತಿದವನ ಬಾಕಿ ಒಮ್ಮೆಲೆ ತೀರಿಸಿದ್ರ ಅಂವಗ ಅದು ದೊಡ್ಡ ಗೆಲುವು ಆದಂಗ. ಹಳೇ ಸಾಲ ಹರೀತು, ಹೊಸಾ ಉದ್ರಿ ಸಿಗತೈತಿ. ಮದಲ ಬ್ಯಾನಿ ನೋಡೂಣು, ಆಮ್ಯಾಲೆ ಸಾಲ.

ಹೌದು, ಇದು ಬ್ಯಾನಿ. 2013ರಾಗ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯೊಳಗ ಜೂಜನ್ನ ದಾರೂ, ಅಫೀಮಿನ ಸಾಲಿಗೆ ಸೇರಿಸಿತು. ಒಂಬತ್ತ ಲಕ್ಷಣದಾಗ ನಾಲ್ಕ ಒಂದ ವರ್ಷದೊಳಗ ಕಂಡ್ರ ಚಟಾ ಅಂತ ಲೆಕ್ಕ. ಹೋದ ರೊಕ್ಕಾ ಹೊಳ್ಳಿ ತರಾಕ ಮರುದಿನ ಮತ್ತ ಆಡೂದು, ಮನ್ಯಾಗ ಸುಳ್ಳ ಹೇಳೂದು, ನೂರಕ್ಕ ಏರತಿದ್ದ ಅಮಲಿಗೆ ಸಾವಿರ ಬೇಕಾಗೂದು, ಆಟಾ ಬಿಟ್ಟ ದಿನಾ ಚಡಪಡಸೂದು. ನಿನ್ನ ಪತ್ರದಾಗ ಈ ನಾಲ್ಕೂ ಅದಾವ.

ಓಸಿ (ಮಟಕಾ, ನಂಬರಿಗೆ ರೊಕ್ಕಾ ಹಚ್ಚೂ ಜೂಜು) ಲೆಕ್ಕಾ ಅಂವನ ಕೈಲೇ ಹಾಳಿ ಮ್ಯಾಲೆ ಬರಸು. 00ರಿಂದ 99ರ ತನಕ ನೂರ ನಂಬರ. ರೂಪಾಯಿಗೆ 80 ಕೊಡತಾರಂದ್ರ, ನೂರಕ್ಕೂ ಒಂದೊಂದ ರೂಪಾಯಿ ಹಚ್ಚಿದವಗ 20 ರೂಪಾಯಿ ಲುಕ್ಸಾನು ಖಾತ್ರಿ. ‘ಈ ನಂಬರ ಭಾಳ ದಿನಾ ಬಂದಿಲ್ಲ, ಇವತ್ತ ಬಂದ ಬರತೈತಿ’ ಅಂತಾನಲ್ಲ, ನಂಬರಿಗೆ ನಿನ್ನಿದು ನೆನಪಿರೂದಿಲ್ಲ. ಒಂದ ನಂಬರ ನೂರ ದಿನಾ ಬಿಡದ ಹಚ್ಚಿದ್ರೂ ಒಮ್ಮೆನೂ ಬರದ ಇರೂ ಸಾಧ್ಯತೆ ನೂರಕ್ಕ ಸುಮಾರ 37. ಇನ್ನ 47 ಹಚ್ಚಿ 48 ಬಂದಾಗ ಅಂವಗ ಸೋತಂಗ ಅನಸೂದಿಲ್ಲ, ‘ಇಷ್ಟರಾಗ ತಪ್ಪಿತು’ ಅನಸತೈತಿ. ಗೆದ್ದಾಗ ಮಿದುಳಿನ್ಯಾಗ ಎಚ್ಚರಾಗೂ ಜಾಗಾ ಆವಾಗೂ ಎಚ್ಚರ ಆಗತೈತಿ. ಆದ್ರ ಬರೇ ಲೆಕ್ಕಾ ತಿಳಿಸಿದ್ರ ಚಟಾ ಬಿಡೂದಿಲ್ಲ. ಯಾವಾಗ ಬರತೈತೋ ಗೊತ್ತಿಲ್ಲ ಅನ್ನೂದ ಗಾಳ, ಲೆಕ್ಕಾ ಬಲ್ಲವರೂ ಅದಕ್ಕ ಸಿಗತಾರ.

ಅದಕ್ಕ ರೊಕ್ಕದ ದಾರಿ ಕಟ್ಟಬೇಕು. ಅಂವನ್ನ ಒಪ್ಪಿಸಿ, ಜೋಡಿ ಬ್ಯಾಂಕಿಗೆ ಹೋಗಿ ದಿನದ ಯುಪಿಐ ಮಿತಿ ಇಳಸ್ರಿ. ಎಟಿಎಂ ಕಾರ್ಡ್ ಹೆಂಡತಿ ಕಡೆ ಇರಲಿ. ಮೆಣಸಿನಕಾಯಿ ಮಾರಿದ ರೊಕ್ಕಾ ಅಡತಿ ಅಂಗಡಿಯಿಂದ ಅಕಿ ಖಾತೆಗೇ ಬೀಳಲಿ. ಕಿಸೆದಾಗ ಚಾ, ಬಸ್ಸಿನಷ್ಟ ಇದ್ರ ಸಾಕು. ಆನ್‌ಲೈನ್ ರೊಕ್ಕದಾಟಕ್ಕ 2025ರ ಆಗಸ್ಟ್‌ದಾಗ ಕೇಂದ್ರದ ಕಾಯ್ದೆ ತಡಿ ಹಾಕೇತಿ, ಖರೆ. ಆದ್ರ ಕಳ್ಳ ಲಿಂಕು ವಾಟ್ಸಾಪ್‌ಗೂ ಬರತಾವ, ಮೊಬೈಲ್ ಮ್ಯಾಲೆ ಕಣ್ಣಿರಲಿ. ‘ಹೋದ ರೊಕ್ಕಾ ಹೊಳ್ಳಿ ಕೊಡಸ್ತೀವಿ’ ಅನ್ನವರಿಗೆ ಒಂದ ಪೈಸಾನೂ ಕೊಡಬ್ಯಾಡ್ರಿ.

ಸಾಲದ ಪಟ್ಟಿ ಮಾಡ್ರಿ. ಮದಲ ಪಟ್ಟಿ ಪೂರ್ತಿ ಇರೂದು ಅಪರೂಪ. ಅಂಜಿಕಿಗೆ, ನಾಚಿಕಿಗೆ ಒಂದೆರಡ ಹೆಸರ ಮುಚ್ಚಿಟ್ಟಿರತಾರ. ವಾರ ಬಿಟ್ಟ ಸಿಟ್ಟಿಲ್ಲದ ಮತ್ತ ಕೇಳು. ತೀರಸೂ ಮುಂದ ಅಂವನ ಕೈಯಾಗ ಕೊಡಬ್ಯಾಡ, ಸಾಲ ಕೊಟ್ಟವರಿಗೇ ಕೊಟ್ಟ ಚೀಟಿ ಬರಿಸಿಕೋ. ಕಂತೂ ಅಂವನ ದುಡಿಮಿಯಿಂದನ ಹೋಗಲಿ. ಬುಕ್ಕಿ ಬಾಕಿ ಬ್ಯಾರೆ: 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಕರಾರಿಗೆ ಬೆಲೆ ಇಲ್ಲ, ಕೋರ್ಟಿನ್ಯಾಗ ವಸೂಲಿ ಮಾಡಾಕ ಬರೂದಿಲ್ಲ. ಕೈಗಡಾ ತಂದಿದ್ದು ಮಾತ್ರ ತೀರಸಬೇಕಾದ್ದ.

ಧಾರವಾಡದ ಡಿಮ್ಹಾನ್ಸ್ ಅನ್ನೂ ಮನೋರೋಗದ ದವಾಖಾನಿಗೆ ಕರಕೊಂಡ ಹೋಗು. ಹಾವೇರಿ, ಗದಗಿನ ಜಿಲ್ಲಾ ಆಸ್ಪತ್ರ್ಯಾಗೂ ಕೇಳಬಹುದು. ಅದಕ್ಕೂ ಮದಲ ಮಾತಾಡಬೇಕಂದ್ರ 14416, ಟೆಲಿಮಾನಸ್, ಮನಸ್ಸಿನ ತ್ರಾಸಿಗೆ ಸರಕಾರದ ಫೋನ್ ಸಹಾಯ, ಪುಕ್ಕಟೆ, ರಾತ್ರಿನೂ ಎತ್ತತಾರ, ಕನ್ನಡದಾಗೂ ಮಾತಾಡತಾರ. ಮುಖ್ಯ ಚಿಕಿತ್ಸೆ ಮಾತಿಂದು, ವಾರಕ್ಕೊಮ್ಮೆ, ಕೆಲವು ತಿಂಗಳ. ಆಡಬೇಕು ಅನಿಸಿದಾಗ ಅಂವ ಒಂದ ವಹಿಯೊಳಗ ಹೊತ್ತು, ಜಾಗಾ, ಕೈಯಾಗಿನ ರೊಕ್ಕಾ, ಜೋಡಿ ಇದ್ದವರು ಯಾರು ಅಂತ ಬರೀಬೇಕು. ಆ ಸೆಳೆತ ತೆರಿ ಇದ್ದಂಗ, ಸಾಮಾನ್ಯವಾಗಿ ಅರ್ಧ ತಾಸಿನ್ಯಾಗ ಇಳೀತೈತಿ. ಅಷ್ಟೊತ್ತು ಹೊಲಕ್ಕ ನಡೀಲಿ, ನಿನಗ ಫೋನ್ ಹಚ್ಚಲಿ. ಇದಕ್ಕಂತನ ಮಾಡಿದ ಗುಳಿಗಿ ಇಲ್ಲ, ಆದ್ರ ನ್ಯಾಲ್ಟ್ರೆಕ್ಸೋನ್ ಕೆಲವರಿಗೆ ಸೆಳೆತ ತಗ್ಗಸತೈತಿ. ಅದನ್ನ ಡಾಕ್ಟರ ಲಿವರ್ ತಪಾಸಣೆ ನೋಡಿನ ಕೊಡತಾರ, ಟ್ರಾಮಡಾಲ್‌ದಂಥಾ ನೋವಿನ ಗುಳಿಗಿ ತಗೊಳ್ಳವರಿಗೆ ಕೊಡೂದಿಲ್ಲ. ಅದಕ್ಕ ಈಗ ನುಂಗೂ ಗುಳಿಗಿ ಚೀಟಿ ಎಲ್ಲಾ ಒಯ್ಯಿ. ಇನ್ನೊಂದು: ಕೈ ನಡುಗೂ ಪಾರ್ಕಿನ್ಸನ್ ರೋಗಕ್ಕ ಪ್ರಾಮಿಪೆಕ್ಸೋಲ್ ತಗೊಳ್ಳೂ ಹಿರಿಯರು ಒಮ್ಮಿಂದೊಮ್ಮೆಲೆ ಜೂಜಿಗೆ ಬಿದ್ರ ಗುಳಿಗಿನ ಕಾರಣ ಇರಬಹುದು, ತಾವ ಬಿಡಬಾರದು, ಬರದ ಕೊಟ್ಟ ಡಾಕ್ಟರಿಗೆ ಹೇಳಬೇಕು.

ಮದಲನೇ ವಾರ ನಿದ್ದಿ ಕಮ್ಮಿ, ಸಿಟ್ಟ ಜಾಸ್ತಿ. ಸಾಲಾ ಬೈಲಾದ ದಿನಾ ಭಾಳ ಎಚ್ಚರ ಇರಬೇಕು, ದೋಸ್ತ. ‘ಜೀವಾ ತಗೊಳ್ಳೂ ವಿಚಾರ ಬರತೈತೇನು?’ ಅಂತ ನೇರ ಕೇಳು. ಕೇಳಿದ್ರ ಆ ವಿಚಾರ ಹುಟ್ಟೂದಿಲ್ಲ, ಕೇಳದಿದ್ರ ಅಂವ ಒಬ್ಬಾವನ ಹೊತ್ತಕೊಂಡ ಕೂಡತಾನ. ಬೆಳಿಗೆ ಹೊಡಿಯೂ ಎಣ್ಣಿ ಡಬ್ಬಿ ಇವತ್ತ ಬ್ಯಾರೆಯವರ ಮನ್ಯಾಗ ಕೀಲಿ ಹಾಕಿಡು. ಹೌದು ಅಂದ್ರ ಒಬ್ಬಂವನ್ನ ಬಿಡಬ್ಯಾಡ, ಅವತ್ತ ದವಾಖಾನಿಗೆ ಒಯ್ಯಿ.

ನಡುವ ಒಮ್ಮೆ ಆಡಿಯಾನು. ಆವಾಗ ಹೊಡಿಬ್ಯಾಡ. ಎಲ್ಲಿ, ಎಷ್ಟೊತ್ತಿಗೆ, ರೊಕ್ಕಾ ಎಲ್ಲಿಂದ ಬಂತು ಅಂತ ಕೇಳಿ, ಆ ದಾರಿ ಮುಚ್ಚು. ದೀಪಾವಳಿ ಪಾಡ್ಯಾಕ್ಕ ಓಣ್ಯಾಗ ಇಸ್ಪೀಟ ಕೂಡತೈತಿ. ಆ ದಿನಾ ಬುತ್ತಿ ಕಟಗೊಂಡ ಅಂವನ್ನ ಸವದತ್ತಿ ಗುಡ್ಡಕ್ಕ ಕರಕೊಂಡ ಹೋಗು.

ನಿನ್ನ ದೋಸ್ತ