ಲೋವೆಲ್‌ನ ಗಿರಣಿಯಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಗೋಕಾಕ ಫಾಲ್ಸಿನ ನಿಮ್ಮ ಮನೆಗೆ ನಾನು ಬಂದಾಗಲೆಲ್ಲ ಗಿರಣಿಯ ಭೋಂಗಾ ಕೂಗಿದೊಡನೆ ನಿಮ್ಮ ತಾಯಿಯವರು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು, ಬುತ್ತಿಯ ಡಬ್ಬಿ ಎತ್ತಿಕೊಂಡು ಪಾಳಿಗೆ ಹೊರಟುಬಿಡುತ್ತಿದ್ದರು. ಕಳೆದ ವಾರ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಎಂಬ ಊರಿನ ಹಳೆಯ ಹತ್ತಿ ಗಿರಣಿಯೊಳಗೆ ನಿಂತಾಗ ಅವರ ಆ ಅವಸರದ ಹೆಜ್ಜೆಗಳೇ ಕಣ್ಣ ಮುಂದೆ ಬಂದವು. ಅದಕ್ಕೇ ಈ ಪತ್ರ.

ಈ ಸಲ ನಾವು ಒಳಗೇ ಅಡುಗೆ ಮಾಡಿ ಮಲಗಬಹುದಾದ, ಇಪ್ಪತ್ತೈದು ಅಡಿ ಉದ್ದದ ಆರ್‌ವಿ ಎಂಬ ವಾಹನವೊಂದನ್ನು ಬಾಡಿಗೆಗೆ ಪಡೆದು ನ್ಯೂಜೆರ್ಸಿಯಿಂದ ಹೊರಟಿದ್ದೆವು. ಇಂಥ ವಾಹನದಲ್ಲಿ ಬಾಸ್ಟನ್ ನಗರದೊಳಗೆ ಹೋಗುವುದು ಸುಲಭವಲ್ಲ. ಅಡುಗೆ ಅನಿಲದ ಸಿಲಿಂಡರ್ ಇರುವುದರಿಂದ ಅಲ್ಲಿನ ಸುರಂಗಗಳಲ್ಲಿ ನಿರ್ಬಂಧವಿದೆ, ನದಿಯ ಪಕ್ಕದ ಸ್ಟಾರೋ ಡ್ರೈವ್‌ನ ಸೇತುವೆಗಳಂತೂ ಎತ್ತರದ ವಾಹನಗಳ ಚಾವಣಿ ಕೀಳುವುದಕ್ಕೇ ಹೆಸರಾಗಿವೆ. ಆದ್ದರಿಂದ ನಗರವನ್ನು ಬಳಸಿಕೊಂಡು 495ನೆಯ ಹೆದ್ದಾರಿ ಹಿಡಿದು, ಲಿಟಲ್‌ಟನ್‌ನ ಕ್ಯಾಂಪ್‌ಗ್ರೌಂಡಿನಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಲೋವೆಲ್ ಸೇರಿದೆವು. ವಾಹನ ನಿಲ್ಲಿಸುವ ಜಾಗದ ಬಗ್ಗೆ ಮೊದಲೇ ಫೋನಿನಲ್ಲಿ ವಿಚಾರಿಸಿಕೊಂಡಿದ್ದರಿಂದ ತೊಂದರೆಯಾಗಲಿಲ್ಲ. ಆಮೇಲೆ ದಿನವಿಡೀ ಕಾಲ್ನಡಿಗೆ ಮತ್ತು ಟ್ರಾಲಿ.

ಇದನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಕರೆದರೂ ಬೇಲಿ, ಹುಲ್ಲುಹಾಸು, ಹೂವಿನ ಮಡಿಗಳನ್ನು ನಿರೀಕ್ಷಿಸಿ ಬಂದವರು ಬೆರಗಾಗುತ್ತಾರೆ. ಜನ ವಾಸಿಸುವ ಊರೇ ಇಲ್ಲಿ ಉದ್ಯಾನ. ಕಾಲುವೆಗಳು, ಕೆಂಪು ಇಟ್ಟಿಗೆಯ ಗಿರಣಿಗಳು, ಗಂಟೆ ಗೋಪುರ, ಕೆಲಸಗಾರರ ವಸತಿಗೃಹ ಎಲ್ಲವೂ ಅಂಗಡಿ ಬೀದಿಗಳ ನಡುವೆಯೇ ಇವೆ. ಗಿರಣಿಗಳು ಒಂದೊಂದಾಗಿ ಮುಚ್ಚಿ ಊರು ಸೊರಗಿದ್ದ ಕಾಲದಲ್ಲಿ, ಇವನ್ನೆಲ್ಲ ಕೆಡವುವುದಕ್ಕಿಂತ ಊರಿನ ಕಥೆಯಾಗಿ ಉಳಿಸಿಕೊಳ್ಳೋಣವೆಂದು ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣತಜ್ಞರು ಹಟ ಹಿಡಿದರು; ಅದೇ ಊರಿನವರಾದ ಪಾಲ್ ಸಾಂಗಸ್ ಸಂಸತ್ತಿನಲ್ಲಿ ಅದರ ಪರವಾಗಿ ದುಡಿದರು; 1978ರಲ್ಲಿ ಕಾನೂನಾಯಿತು.

ಊರು ಹುಟ್ಟಿದ್ದೇ ನೀರಿನಿಂದ. ಮೆರಿಮ್ಯಾಕ್ ನದಿ ಪಾಟಕೆಟ್ ಜಲಪಾತದ ಬಳಿ ಸುಮಾರು ಮೂವತ್ತೆರಡು ಅಡಿ ಇಳಿಯುತ್ತದೆ. ಇಂಗ್ಲೆಂಡಿನ ಗಿರಣಿಗಳನ್ನು ಕಣ್ಣಲ್ಲೇ ಅಳೆದು, ಯಂತ್ರಮಗ್ಗದ ರಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮರಳಿದ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ 1817ರಲ್ಲೇ ತೀರಿಕೊಂಡಿದ್ದರು. ಅವರ ಪಾಲುದಾರರು ಈ ಜಲಪಾತವನ್ನು ಕಂಡು 1820ರ ದಶಕದಲ್ಲಿ ಇಲ್ಲಿ ಗಿರಣಿಗಳನ್ನು ಕಟ್ಟಿ ಊರಿಗೆ ಅವರ ಹೆಸರಿಟ್ಟರು. ಅಗೆದ ಕಾಲುವೆಗಳ ಒಟ್ಟು ಉದ್ದ ಒಂಬತ್ತು ಕಿಲೋಮೀಟರು. ಆ ಕಾಲುವೆಯ ಕಲ್ಲುಗೋಡೆಗೆ ಒರಗಿ ನಿಂತಾಗ ನಿಮ್ಮೂರಿನ ಘಟಪ್ರಭಾ ನದಿಯನ್ನು ನೆನೆಯದೆ ಇರಲು ಹೇಗೆ ಸಾಧ್ಯ? 1880ರ ದಶಕದಲ್ಲಿ ನಿಮ್ಮೂರಿನ ಗಿರಣಿ ಕಟ್ಟಿದವರು ಜಲಪಾತದ ಪಕ್ಕದ ಜಾಗವನ್ನೇ ಆರಿಸಿಕೊಂಡದ್ದೂ ನೀರಿನ ಇದೇ ಬಲವನ್ನು ನೆಚ್ಚಿಕೊಂಡು.

ಇಲ್ಲಿನ ಎಂಜಿನಿಯರ್ ಜೇಮ್ಸ್ ಫ್ರಾನ್ಸಿಸ್ ಅವರ ಬಗ್ಗೆ ನನಗೆ ಅಪಾರ ಗೌರವ ಮೂಡಿತು. ಲೋಕದ ಜಲವಿದ್ಯುತ್ ಕೇಂದ್ರಗಳಲ್ಲಿ ಇಂದಿಗೂ ತಿರುಗುತ್ತಿರುವ ಫ್ರಾನ್ಸಿಸ್ ಟರ್ಬೈನು ಇವರದೇ. 1850ರಲ್ಲಿ ಇವರು ಪ್ರವಾಹ ತಡೆಯಲೆಂದು ಕಾಲುವೆಯ ಮೇಲೆ ಭಾರೀ ಮರದ ಬಾಗಿಲೊಂದನ್ನು ತೂಗುಹಾಕಿಸಿದಾಗ ಜನ ಅದನ್ನು ಫ್ರಾನ್ಸಿಸ್‌ರ ಹುಚ್ಚು ಎಂದು ಆಡಿಕೊಂಡರು. ಎರಡೇ ವರ್ಷಕ್ಕೆ, 1852ರ ಪ್ರವಾಹದಲ್ಲಿ, ಅದನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಯನ್ನು ಕತ್ತರಿಸಿ ಬಾಗಿಲು ಬೀಳಿಸಿದ್ದರಿಂದ ಊರು ಉಳಿಯಿತು. 1936ರ ಪ್ರವಾಹದಲ್ಲೂ ಅದೇ ಬಾಗಿಲು ಕಾಪಾಡಿತು.

ಇನ್ನು ಈಗ ಸಂಗ್ರಹಾಲಯವಾಗಿರುವ, ಬೂಟ್ ಎಂಬ ಹೆಸರಿನ ಹತ್ತಿ ಗಿರಣಿಯ ನೇಯ್ಗೆ ಕೋಣೆ. ಒಳಹೋಗುವ ಮುನ್ನ ಕಿವಿಗೆ ತುರುಕಿಕೊಳ್ಳಲು ಮೆತ್ತನೆಯ ಬಿರಡೆ ಕೊಡುತ್ತಾರೆ. ಎಂಬತ್ತೆಂಟು ಮಗ್ಗಗಳು ಸಾಲುಗಟ್ಟಿ ನಿಂತಿವೆ. ಒಂದೇ ಸಲಕ್ಕೆ ಓಡುವುದು ಅವುಗಳಲ್ಲಿ ಕೆಲವೇ ಕೆಲವು. ಅಷ್ಟಕ್ಕೇ ಹಲಗೆಯ ನೆಲ ಅದುರಿ ಆ ನಡುಕ ಅಂಗಾಲಿನಿಂದ ಹಲ್ಲಿನ ಬೇರಿನವರೆಗೆ ಏರಿತು. ಮಗಳು ನನ್ನ ತೋಳು ಹಿಡಿದು ಏನೋ ಕೇಳಿದಳು. ತುಟಿ ಅಲುಗಿದ್ದು ಮಾತ್ರ ಕಂಡಿತು. ನಿಮ್ಮ ತಾಯಿಯವರು ಮನೆಯಲ್ಲಿಯೂ ಯಾಕೆ ಅಷ್ಟು ಗಟ್ಟಿಯಾಗಿ ಮಾತನಾಡುತ್ತಿದ್ದರೆಂಬುದು ಇಷ್ಟು ವರ್ಷಗಳ ಮೇಲೆ ನನಗೆ ಅರ್ಥವಾಯಿತು.

ಮಗ್ಗದಲ್ಲಿ ನೂಲನ್ನು ಅತ್ತಿತ್ತ ಒಯ್ಯುವ ಹಳೆಯ ಲಾಳಿಯೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಮರ ಸವೆದು ನುಣುಪಾಗಿದೆ, ಎರಡೂ ತುದಿಗೆ ಲೋಹದ ಮೊನೆ, ಪಕ್ಕದಲ್ಲಿ ಕಾಳಿನಷ್ಟು ಚಿಕ್ಕ ಕಣ್ಣು. ಆ ಕಣ್ಣಿಗೆ ತುಟಿಯಿಟ್ಟು ಉಸಿರೆಳೆದು ನೂಲನ್ನು ಹೊರತೆಗೆಯುತ್ತಿದ್ದರಂತೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ಲಾಳಿ ಹತ್ತಿಯ ಧೂಳಿನೊಂದಿಗೆ ರೋಗವನ್ನೂ ಒಯ್ಯುತ್ತಿತ್ತು. ಆದ್ದರಿಂದಲೇ ಅದಕ್ಕೆ ಸಾವಿನ ಮುತ್ತು ಎಂಬ ಹೆಸರು ಬಂತು.

ಆರಂಭದ ದಶಕಗಳಲ್ಲಿ ಈ ಮಗ್ಗಗಳ ಮುಂದೆ ನಿಂತವರು ಬಹುಪಾಲು ಸುತ್ತಲ ಹೊಲಮನೆಗಳಿಂದ ಬಂದ ಹುಡುಗಿಯರು. ಕೈಯಲ್ಲಿ ಸ್ವಂತ ಸಂಬಳ, ಸಂಜೆ ಉಪನ್ಯಾಸ, ಓದಲು ಪುಸ್ತಕ ಎಂಬ ಆಸೆ ಅವರನ್ನು ಕರೆತಂದಿತು. ಆದರೆ ಬೆಳಗಿನ ಗಂಟೆಯಿಂದ ರಾತ್ರಿಯ ಗಂಟೆಯವರೆಗೆ ವಾರಕ್ಕೆ ಸರಾಸರಿ ಎಪ್ಪತ್ತಮೂರು ಗಂಟೆ ದುಡಿಮೆ. ನೂಲು ಹರಿಯದಿರಲೆಂದು ಬೇಸಿಗೆಯಲ್ಲೂ ಮುಚ್ಚಿದ ಕಿಟಕಿ. ರಾತ್ರಿ ಹತ್ತಕ್ಕೆ ಬಾಗಿಲು ಹಾಕುವ ವಸತಿಗೃಹದಲ್ಲಿ ಒಂದು ಮಂಚಕ್ಕೆ ಇಬ್ಬರು. ಕೂಲಿ ಕಡಿತದ ವಿರುದ್ಧ 1834ರಲ್ಲಿ ಅವರು ಮಗ್ಗ ಬಿಟ್ಟು ಬೀದಿಗೆ ಬಂದರು. ವಸತಿಯ ದರ ಏರಿಸಿದಾಗ 1836ರಲ್ಲಿ ಮತ್ತೆ ಬಂದರು. 1840ರ ದಶಕದಲ್ಲಿ ಸಾರಾ ಬ್ಯಾಗ್ಲಿ ಎಂಬ ಗಿರಣಿ ಕೆಲಸಗಾರ್ತಿಯ ಮುಂದಾಳತ್ವದಲ್ಲಿ ಹತ್ತು ಗಂಟೆಯ ದಿನಕ್ಕಾಗಿ ಸಹಿ ಸಂಗ್ರಹಿಸಿ ಶಾಸನಸಭೆಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಸಮಿತಿ ಕೈಚೆಲ್ಲಿತು. ಆ ಕಾನೂನು ಬಂದದ್ದು 1874ರಲ್ಲಿ, ಅಷ್ಟರಲ್ಲಿ ಆ ಹುಡುಗಿಯರ ಜಾಗಕ್ಕೆ ಐರಿಷರು, ಫ್ರೆಂಚ್ ಕೆನಡಿಯನ್ನರು ಬಂದಾಗಿತ್ತು.

ಸಂಗ್ರಹಾಲಯ ಇನ್ನೊಂದು ಸತ್ಯವನ್ನೂ ಮುಚ್ಚಿಡುವುದಿಲ್ಲ. ಇಲ್ಲಿ ನೂತ ಹತ್ತಿ ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮರು ಬೆಳೆದದ್ದು. ಇಲ್ಲಿಂದ ಹೋದ ಒರಟು ಬಟ್ಟೆಯನ್ನೇ ಆ ಗುಲಾಮರಿಗೆ ಉಡಲು ಕೊಡುತ್ತಿದ್ದರು, ಅದಕ್ಕೆ ಲೋವೆಲ್ ಎಂದೇ ಹೆಸರಿತ್ತು. ಆ ಫಲಕದ ಮುಂದೆ ನನ್ನ ಹೆಂಡತಿ ಬಹಳ ಹೊತ್ತು ನಿಂತಿದ್ದಳು.

ಅಲ್ಲಿಯ ಮಗ್ಗಗಳಲ್ಲೇ ನೇಯ್ದ ಅಡುಗೆಮನೆಯ ವಸ್ತ್ರವೊಂದನ್ನು ನಿಮ್ಮ ತಾಯಿಯವರಿಗೆಂದು ಕೊಂಡು ಅಂಚೆಗೆ ಹಾಕಿದ್ದೇನೆ. ಅವರು ಅದರ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ ನೂಲಿನ ಬಗ್ಗೆ ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದು ಕಳುಹಿಸು. ನೂಲು ಸುತ್ತುವ ರೀಲಿಂಗ್ ಖಾತೆಯಲ್ಲಿ ಅವರಿಗೆ ಕೆಲಸ ಕಲಿಸಿದವರು ಯಾರು, ಪಾಳಿಯ ನಡುವೆ ಎಲ್ಲಿ ಕೂತು ಉಣ್ಣುತ್ತಿದ್ದರು, ಮೊದಲ ಪಗಾರದಲ್ಲಿ ಏನು ಕೊಂಡರು ಎಂಬುದನ್ನೂ ಕೇಳು. ನಾನು ಅವರ ಮನೆಯಲ್ಲಿ ಅಷ್ಟು ಸಲ ಉಂಡೆ, ಒಮ್ಮೆಯೂ ಕೇಳಲಿಲ್ಲ.

ನಿನ್ನ ಉತ್ತರಕ್ಕಾಗಿ ಕಾಯುವ,
ನಿನ್ನ ಗೆಳೆಯ