ಚಾರ್ಜ್ ಒಪ್ಪಿಸಿದ ಮೇಲೆ

ಮೊನ್ನೆ ಶುಕ್ರವಾರ ಸಂಜೆ ಚಾರ್ಜ್ ಲಿಸ್ಟ್‌ಗೆ ಸಹಿ ಹಾಕಿ, ಬೀರುವಿನ ಕೀಲಿ ಒಪ್ಪಿಸಿ ಕಚೇರಿಯಿಂದ ಹೊರಬಂದೆ. ನಾಲ್ಕು ವರ್ಷ ಎರಡು ತಿಂಗಳಾಗಿತ್ತು. ಆ ಪುಟ್ಟ ಏರ್‌ಪೋರ್ಟ್ ಯಾವ ಊರಿನದು, ನಾನು ಅಲ್ಲಿಗೆ ಹೇಗೆ ಹೋಗಿ ಸಿಕ್ಕಿಕೊಂಡೆ ಅನ್ನುವ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ಉಳಿದವರಿಗೆ ಇಷ್ಟು ಸಾಕು: ವಿಮಾನ ಇಳಿಯುತ್ತಿದ್ದದ್ದು ಜಿಲ್ಲೆಯಲ್ಲಿ, ಅದು ಇಳಿಯೋದಕ್ಕೆ ಬೇಕಾದ ದುಡ್ಡಿಗೆ ಅಲೆಯುತ್ತಿದ್ದವನು ಬೆಂಗಳೂರಿನಲ್ಲಿ ಕೂತ ನಾನು.

ಏರ್‌ಪೋರ್ಟ್ ಅಂದ ಕೂಡಲೇ ನಮ್ಮ ಬೆಂಗಳೂರಿನವರ ಕಣ್ಣಿಗೆ ಬರುವುದು ದೇವನಹಳ್ಳಿ. 2008ರ ಮೇ ತಿಂಗಳಲ್ಲಿ ಎಚ್ಎಎಲ್‌ನ ಹಳೆಯ ಏರ್‌ಪೋರ್ಟಿನಿಂದ ಪ್ರಯಾಣಿಕರ ವಿಮಾನಗಳೆಲ್ಲ ಅಲ್ಲಿಗೆ ಹೋದ ಮೇಲೆ ಏರ್‌ಪೋರ್ಟ್ ಅಂದರೆ ಗಾಜು, ಅಂಗಡಿ, ಇನ್ನೂರು ರೂಪಾಯಿಯ ಕಾಫಿ. ರಾಜಾಜಿನಗರದ ನನ್ನ ಸೋದರತ್ತೆ ‘ನಿಮ್ಮಲ್ಲಿ ಡ್ಯೂಟಿ ಫ್ರೀ ಸೆಂಟು ಸಿಗುತ್ತೇನೋ?’ ಅಂತ ಎರಡು ಸಲ ಕೇಳಿದ್ದರು. ನಮ್ಮಲ್ಲಿ ಸಿಗುತ್ತಿದ್ದದ್ದು ಚಹಾ, ಅದೂ ಕ್ಯಾಂಟೀನಿನವನು ಬಾಗಿಲು ತೆಗೆದಿದ್ದ ದಿನ.

ಸಣ್ಣ ಏರ್‌ಪೋರ್ಟಿನ ಲೆಕ್ಕ ಹೊರಗಿನವರಿಗೆ ಹೇಳಿದರೆ ತಮಾಷೆ ಅಂದುಕೊಳ್ಳುತ್ತಾರೆ. ಸಣ್ಣ ಊರುಗಳಿಗೆ ಅಗ್ಗದ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆಯ ವಿಮಾನದಲ್ಲಿ ಅರ್ಧದಷ್ಟು ಸೀಟಿಗೆ ದರದ ಮಿತಿ ಇದೆ. ವಿಮಾನ ಕಂಪನಿಗೆ ಅದರಿಂದ ಆಗುವ ಕೊರತೆಯನ್ನು ಮೂರು ವರ್ಷ ತುಂಬಿಕೊಡುತ್ತಾರೆ, ಅದರಲ್ಲಿ ನಮ್ಮಂಥ ರಾಜ್ಯದ ಪಾಲು ನೂರಕ್ಕೆ 20. ಪೊಲೀಸರನ್ನೂ ಅಗ್ನಿಶಾಮಕದವರನ್ನೂ ರಾಜ್ಯವೇ ಪುಕ್ಕಟೆ ಒದಗಿಸಬೇಕು, ಇಂಧನದ ಮೇಲಿನ ವ್ಯಾಟ್ ನೂರಕ್ಕೆ 1ಕ್ಕೆ ಇಳಿಸಬೇಕು. ಇಷ್ಟೆಲ್ಲ ಆದ ಮೇಲೆ ಆ ವಿಮಾನ ಬಂದಿಳಿದರೆ ಲ್ಯಾಂಡಿಂಗ್ ಶುಲ್ಕ ಇಲ್ಲ, ನಿಲ್ಲಿಸಿದ್ದಕ್ಕೆ ಬಾಡಿಗೆಯೂ ಇಲ್ಲ. ವಿಮಾನಕ್ಕೆ ಪಾರ್ಕಿಂಗ್ ಬಿಟ್ಟಿ, ಅದನ್ನು ನೋಡೋಕೆ ಬಂದವರ ಕಾರಿಗೆ ದುಡ್ಡು. ಆ ಕಾರು, ಕ್ಯಾಂಟೀನಿನ ಬಾಡಿಗೆ, ಗೇಟಿನ ಪಕ್ಕದ ಎರಡು ಹೋರ್ಡಿಂಗು, ನಮ್ಮ ಸ್ವಂತ ಸಂಪಾದನೆ ಅಂದರೆ ಇಷ್ಟೇ. ಯೋಜನೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಹತ್ತಿ ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿಕೊಂಡು ವಾಪಸಾದ ಅಜ್ಜಿಯರನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಉಳಿದ ಖರ್ಚಿಗೆಲ್ಲ ಅನುದಾನವೇ ಗತಿ, ಅನುದಾನ ಅಂದರೆ ಫೈಲು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಹಣಕಾಸಿನ ಕಡತ ಹಿಡಿದು ಓಡಾಡಿದವನೇ ಕಟ್ಟಿದ್ದಿರಬೇಕು.

ಈಗ ಧನ್ಯವಾದದ ವಿಷಯ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನಿಸಿಕೊಳ್ಳಬಾರದು ಅಂತಲೇ ಬರೆಯಲು ಕೂತದ್ದು. ರನ್‌ವೇ ಪಕ್ಕದ ಹುಲ್ಲು ಕೊಯ್ದು ಹದ್ದುಗಳನ್ನು ದೂರ ಇಟ್ಟ ಹೆಣ್ಣುಮಕ್ಕಳಿಗೆ, ಸಂಬಳ ಬಾರದ ತಿಂಗಳಲ್ಲೂ ಪಾಳಿ ತಪ್ಪಿಸದ ಫೈರ್‌ನ ಹುಡುಗರಿಗೆ, ಟವರ್‌ನವರಿಗೆ, ಗೇಟಿನ ಪೊಲೀಸರಿಗೆ, ಕರೆಂಟು ಹೋದಾಗಲೆಲ್ಲ ನನ್ನ ಫೋನ್ ಎತ್ತಿದ ವಿದ್ಯುತ್ ಇಲಾಖೆಯ ಎಂಜಿನಿಯರಿಗೆ, ಮಂಜಿನ ಬೆಳಗುಗಳಲ್ಲಿ ಪ್ರಯಾಣಿಕರ ಬೈಗುಳ ತಿಂದು ನಗುತ್ತಲೇ ಇದ್ದ ವಿಮಾನ ಕಂಪನಿಯ ಹುಡುಗಿಗೆ, ಜೀಪಿನ ಡ್ರೈವರಿಗೆ ಒಟ್ಟಿಗೇ ಕೈ ಮುಗಿಯುತ್ತೇನೆ. ನಿಮ್ಮನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರಾಗಬೇಡಿ. ನಾನು ಯಾರ ಬಗ್ಗೆ ಬರೆಯಲು ಕೂತಿದ್ದೇನೆ ಅಂತ ನಿಮಗೆ ಆಗಲೇ ಗೊತ್ತಾಗಿರುತ್ತದೆ.

ನಮ್ಮ ಸೂಪರಿಂಟೆಂಡೆಂಟ್ ಮೇಡಂ. ಹೆಸರು ಹಾಕಿದರೆ ಮಾತು ಬಿಡುತ್ತೇನೆ ಅಂದಿದ್ದಾರೆ, ಹಾಗಾಗಿ ಹಾಕುವುದಿಲ್ಲ.

ಮೊದಲ ಆರು ತಿಂಗಳು ನನಗೂ ಅವರಿಗೂ ಎಣ್ಣೆ ಸೀಗೇಕಾಯಿ. ನಾನು ಎಂಜಿನಿಯರ್, ಕೆಲಸ ಮುಗಿದರೆ ಸಾಕು ಅನ್ನುವವನು. ನನ್ನ ಮೊದಲ ಬಿಲ್ಲನ್ನು ಮೇಡಂ ಮೂರು ಸಲ ವಾಪಸ್ ಕಳಿಸಿದರು. ಒಮ್ಮೆ ಸೀಲ್ ಇಲ್ಲ, ಒಮ್ಮೆ ಲೆಕ್ಕ ಶೀರ್ಷಿಕೆ ತಪ್ಪು, ಒಮ್ಮೆ ತಾರೀಖು ತಿದ್ದಿದ ಕಡೆ ಚಿಕ್ಕ ಸಹಿ ಇಲ್ಲ. ‘ಇದೇನ್ ಮೇಡಂ, ಅಲ್ಲಿ ಫೈರ್ ಗಾಡಿ ಟೈರ್ ಸವೆದು ಕೂತಿದೆ’ ಅಂತ ರೇಗಿದೆ. ‘ಗಾಡಿ ಓಡ್ಬೇಕು ಅಂತಲೇ ಸರ್ ವಾಪಸ್ ಕಳಿಸ್ತಿರೋದು’ ಅಂದರು, ತಲೆ ಎತ್ತದೆ.

ಆ ಗಾಡಿಯ ಬಗ್ಗೆ ಅವರಿಗೆ ಮನೆಯ ಹಸುವಿನ ಮೇಲಿರುವಂಥ ಕಾಳಜಿ. ಒಂದು ದಿನ ಊಟದ ಹೊತ್ತಿಗೆ ನನ್ನನ್ನು ಕೂರಿಸಿಕೊಂಡು ಪೂರ್ತಿ ವಿವರ ಕೇಳಿದರು. ನಮ್ಮಲ್ಲಿಗೆ ಬರುವ ಎಟಿಆರ್ 72ರ ಉದ್ದ ಸುಮಾರು 27 ಮೀಟರ್, ಅದಕ್ಕೆ ಅಗ್ನಿಶಾಮಕದ 5ನೇ ವರ್ಗ ಬೇಕು, ಅಂದರೆ ಕಡಿಮೆಯೆಂದರೂ ಒಂದು ಗಾಡಿ, 5,400 ಲೀಟರ್ ನೀರು, ಜೊತೆಗೆ ಫೋಮ್. ಏರ್‌ಬಸ್ 320 ಬರುವುದಾದರೆ 6ನೇ ವರ್ಗ, ಎರಡು ಗಾಡಿ. ಕರೆ ಬಂದ ಮೂರು ನಿಮಿಷದೊಳಗೆ ರನ್‌ವೇಯ ಯಾವ ತುದಿಗಾದರೂ ಮುಟ್ಟಿರಬೇಕು. ಗಾಡಿ ಕೆಟ್ಟರೆ, ಇಲ್ಲವೇ ಅದನ್ನು ಓಡಿಸುವ ತರಬೇತಾದ ಸಿಬ್ಬಂದಿ ಸಾಲದಾದರೆ ವರ್ಗ ಇಳಿಸಿ ನೋಟಾಮ್, ಅಂದರೆ ಪೈಲಟ್‌ಗಳಿಗೆ ಹೋಗುವ ಅಧಿಕೃತ ಸೂಚನೆ, ಹೊರಡಿಸಬೇಕು, ಆಮೇಲೆ ವಿಮಾನ ನಮ್ಮ ಕಡೆ ಬರುವುದು ಅನುಮಾನ. ಇಷ್ಟನ್ನೂ ಮೇಡಂ ತಮ್ಮ ರೂಲ್ಡ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮುಂದಿನ ಪ್ರಸ್ತಾವನೆಯಲ್ಲಿ ‘ಅಗ್ನಿಶಾಮಕ ವಾಹನ ನಿರ್ವಹಣೆ’ ಅನ್ನುವ ಒಣ ಸಾಲಿನ ಕೆಳಗೆ, ದುಡ್ಡು ಬಾರದಿದ್ದರೆ ಎಷ್ಟನೇ ದಿನಕ್ಕೆ ವಿಮಾನ ನಿಲ್ಲುತ್ತದೆ ಅನ್ನುವ ಲೆಕ್ಕ ಇತ್ತು. ಆ ಕಡತ ಮೊದಲ ಸಲ ಆಕ್ಷೇಪಣೆ ಇಲ್ಲದೆ ವಾಪಸ್ ಬಂತು. ನಮ್ಮಿಬ್ಬರ ಜಗಳ ಅವತ್ತಿಗೆ ಮುಗಿಯಿತು.

ಅದೇ ನೋಟ್‌ಬುಕ್ಕಿನ ಇನ್ನೊಂದು ತುದಿಯಿಂದ ಪ್ರತಿ ಫೈಲೂ ಯಾವ ದಿನ ಯಾವ ಮೇಜಿನ ಮೇಲೆ ಇತ್ತು ಅನ್ನುವ ದಾಖಲೆ. ಎರಡು ವರ್ಷದ ಹಿಂದೆ ಅನುದಾನದ ಕೊನೆಯ ಕಂತಿನ ಫೈಲು ಒಂದೇ ಮೇಜಿನ ಮೇಲೆ 23 ದಿನ ಮಲಗಿದ್ದೂ ಅದರಲ್ಲಿದೆ. ಯಾವ ಮೇಜು ಅಂತ ಇಲ್ಲಿ ಬರೆಯುವುದಿಲ್ಲ. ಬಿಡುಗಡೆ ಆದೇಶ ಕೊನೆಗೂ ಬಂದದ್ದು ಮಾರ್ಚ್ 31ರ ಸಂಜೆ ನಾಲ್ಕು ಗಂಟೆಗೆ. ಸರ್ಕಾರಿ ಕೆಲಸದಲ್ಲಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಮಧ್ಯರಾತ್ರಿಯೊಳಗೆ ಬಿಲ್ ಖಜಾನೆಯಲ್ಲಿ ಪಾಸಾಗದಿದ್ದರೆ ಆ ವರ್ಷದ ದುಡ್ಡು ಲ್ಯಾಪ್ಸ್. ಫೈರ್‌ನ ಗುತ್ತಿಗೆ ಹುಡುಗರಿಗೆ ಮೂರು ತಿಂಗಳ ಸಂಬಳ ಬಾಕಿ ಇತ್ತು, ಅದೂ ಅದರಲ್ಲೇ ಬರಬೇಕಿತ್ತು.

ಆರಕ್ಕೆ ಖಜಾನೆಯ ಆನ್‌ಲೈನ್ ವ್ಯವಸ್ಥೆ ಖಜಾನೆ-2ರಲ್ಲಿ ಬಿಲ್ ಏರಿಸಿದೆವು. ಏಳಕ್ಕೆ ಇಪ್ಪತ್ತು ನಿಮಿಷ ಇದ್ದಾಗ ಆಸ್ಪತ್ರೆಯಿಂದ ಫೋನ್. ಅಮ್ಮನ ಕಾಯಿಲೆಯ ವಿಷಯ ನಿಮಗೆಲ್ಲ ಗೊತ್ತೇ ಇದೆ. ಹೆಂಡತಿ ಮಗಳ ಬಾಣಂತನಕ್ಕೆ ಪುಣೆಯಲ್ಲಿದ್ದಳು, ತಿಪಟೂರಿನಿಂದ ತಂಗಿ ಹೊರಟರೂ ಬರುವುದು ತಡರಾತ್ರಿಯಾಗುತ್ತಿತ್ತು. ಜೊತೆಗೆ ಯಾರಾದರೂ ಬೇಕೇ ಬೇಕು ಅಂದರು ಸಿಸ್ಟರ್.

ಬಿಲ್ಲಿಗೆ ಹಾಕಬೇಕಾದ ಡಿಜಿಟಲ್ ಸಹಿ ನನ್ನದು. ಪೆನ್ ಡ್ರೈವ್‌ನಂಥ ಒಂದು ಟೋಕನ್, ಅದಕ್ಕೊಂದು ಪಾಸ್‌ವರ್ಡ್. ನಾನು ಟೋಕನ್ ಕಿತ್ತು ಮೇಡಂ ಮುಂದೆ ಇಟ್ಟು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ‘ಆಕ್ಷೇಪಣೆ ಬಂದ್ರೆ ಸರಿಮಾಡಿ ನೀವೇ ಹಾಕ್ಬಿಡಿ’ ಅಂದೆ. ಎಷ್ಟೋ ಕಚೇರಿಗಳಲ್ಲಿ ನಡೆಯುವುದು ಹಾಗೆಯೇ, ನಾನೇನೂ ಹೊಸದನ್ನು ಕೇಳಲಿಲ್ಲ. ಮೇಡಂ ಚೀಟಿಯನ್ನು ಓದಲೂ ಇಲ್ಲ, ಹರಿದು ಬುಟ್ಟಿಗೆ ಹಾಕಿದರು. ಟೋಕನನ್ನು ಎರಡು ಬೆರಳಲ್ಲಿ ನನ್ನ ಕಡೆ ತಳ್ಳಿದರು. ‘ಇದು ನಿಮ್ಮ ಕೈ ಸರ್. ನಿಮ್ಮ ಕೈ ನಾನು ಮುಟ್ಟಲ್ಲ.’

ಆ ಕ್ಷಣ ಅವರ ಮೇಲೆ ಬಂದ ಸಿಟ್ಟು ಈಗ ನೆನೆದರೂ ನಾಚಿಕೆಯಾಗುತ್ತದೆ. ಅಮ್ಮನಿಗಿಂತ ನಿಮ್ಮ ರೂಲ್ಸ್ ಹೆಚ್ಚಾಯಿತಾ ಅಂತ ಕೇಳಿಯೇಬಿಟ್ಟೆ, ಜೋರಾಗಿಯೇ. ಅವರು ಉತ್ತರ ಕೊಡದೆ ಫೋನ್ ತೆಗೆದು ಮಗನಿಗೆ ಮಾಡಿದರು. ಹುಡುಗ ಎಂಜಿನಿಯರಿಂಗ್ ಮೂರನೇ ವರ್ಷ, ಮರುದಿನ ಅವನಿಗೆ ಇಂಟರ್ನಲ್ಸ್ ಇತ್ತು ಅನ್ನುವುದು ನನಗೆ ಆಮೇಲೆ ಗೊತ್ತಾದದ್ದು. ‘ಪುಸ್ತಕ ತಗೊಂಡು ಜಯನಗರಕ್ಕೆ ಹೋಗಪ್ಪ, ಸರ್ ಅಮ್ಮನ ಹತ್ರ ಕೂತ್ಕೊ, ನಾನು ಹೇಳೋವರೆಗೂ ಏಳ್ಬೇಡ.’ ಇಟ್ಟರು. ನನ್ನ ಕಡೆ ತಿರುಗಿ, ‘ಹೋಗೋದಾದ್ರೆ ಹೋಗಿ ಸರ್, ನಾನು ತಪ್ಪು ತಿಳ್ಕೊಳ್ಳಲ್ಲ. ಇರೋದಾದ್ರೆ ಕೂತ್ಕೊಳ್ಳಿ, ಇನ್ನೊಂದು ಆಕ್ಷೇಪಣೆ ಬಂದೇ ಬರುತ್ತೆ’ ಅಂದರು.

ಕೂತೆ. ಕೂತದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಎಂಟೂವರೆಗೆ ಆಕ್ಷೇಪಣೆ ಬಂತು, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಲಗತ್ತಿಸಿಲ್ಲ ಅಂತ. ಮೇಡಂ ಬೀರುವಿನ ಮೂರನೇ ಅಂಕಣದಿಂದ ಅದನ್ನು ಕಣ್ಣು ಮುಚ್ಚಿ ತೆಗೆದರು, ದೃಢೀಕರಿಸಿದ ಎರಡು ಪ್ರತಿಗಳ ಸಮೇತ. ಸ್ಕ್ಯಾನ್ ಮಾಡಿ ಏರಿಸಿದರೆ ಸರ್ವರ್ ಸುತ್ತುತ್ತಲೇ ಇತ್ತು. ಆ ರಾತ್ರಿ ರಾಜ್ಯದ ಎಲ್ಲ ಇಲಾಖೆಗಳೂ ಅದೇ ಬಾಗಿಲಲ್ಲಿ ನಿಂತಿರುತ್ತವೆ. ಬುತ್ತಿಯಲ್ಲಿ ಉಳಿದಿದ್ದ ಚಿತ್ರಾನ್ನವನ್ನು ಎರಡು ಪಾಲು ಮಾಡಿದರು. ಮಾತು ಬೇಡವಾಗಿತ್ತು, ಅವರೂ ಆಡಲಿಲ್ಲ. ಅರ್ಧ ಗಂಟೆಗೊಮ್ಮೆ ಮಗನಿಂದ ಮೆಸೇಜ್ ಬಂದರೆ ಫೋನನ್ನು ನನ್ನ ಮುಂದೆ ಹಿಡಿಯುತ್ತಿದ್ದರು: ‘ಎಚ್ಚರ ಇದ್ದಾರೆ.’ ‘ಡಾಕ್ಟರ್ ಬಂದು ಹೋದರು.’ ‘ಮಾತಾಡ್ತಿದ್ದಾರೆ.’ ಹನ್ನೊಂದೂ ಮೂವತ್ತೆಂಟಕ್ಕೆ ಬಿಲ್ ಪಾಸಾಯಿತು. ನನ್ನನ್ನು ಕಾರಿಗೆ ಹತ್ತಿಸಿ, ತಾವು ಆಟೊ ಹಿಡಿದು ಕೆಂಗೇರಿಗೆ ಹೋದರು.

ಹಡ್ಸನ್ ಸರ್ಕಲ್ಲಿನಲ್ಲಿ ಒಂದು ಗಾಡಿಯೂ ಇರಲಿಲ್ಲ, ಸಿಗ್ನಲ್ ಮಾತ್ರ ಹಳದಿ ಮಿಣುಕುತ್ತಿತ್ತು. ನಾನು ವಾರ್ಡಿಗೆ ಹೋದಾಗ ಅಮ್ಮ ನಿದ್ದೆಯಲ್ಲಿದ್ದಳು. ಹುಡುಗ ಸ್ಟೂಲ್ ಮೇಲೆ ಕೂತಿದ್ದ, ಅವನ ಅಂಗಿಯ ತುದಿ ಅಮ್ಮನ ಮುಷ್ಟಿಯಲ್ಲಿತ್ತು. ಬಿಡಿಸಿಕೊಂಡರೆ ಎಚ್ಚರವಾಗುತ್ತದೆ ಅಂತ ಒಂದು ಗಂಟೆಯಿಂದ ಹಾಗೇ ಕೂತಿದ್ದನಂತೆ.

ಅವನು ನನಗೆ ಹೇಳದೇ ಇದ್ದದ್ದನ್ನು ಮಾರನೆಯ ದಿನ ಆಯಾ ಹೇಳಿದಳು. ಅಮ್ಮ ಅವನನ್ನು ನಾನು ಅಂದುಕೊಂಡಿದ್ದಳು. ನನ್ನ ಹೆಸರು ಹಿಡಿದೇ ಕರೆದಳಂತೆ, ಅವನು ‘ಓ’ ಅಂದನಂತೆ. ನಾನು ಬೆಳೆದದ್ದು ಯಲಹಂಕದಲ್ಲಿ, ಸ್ಕೂಲು ಬಿಟ್ಟರೆ ಸೀದಾ ಜಕ್ಕೂರಿನ ಬೇಲಿಗೆ ಸೈಕಲ್ ಒರಗಿಸಿ ತರಬೇತಿಯ ಪುಟಾಣಿ ವಿಮಾನಗಳನ್ನು ನೋಡುತ್ತಾ ನಿಲ್ಲುತ್ತಿದ್ದೆ, ಅಮ್ಮ ಹುಡುಕಿಕೊಂಡು ಬಂದು ಕಿವಿ ಹಿಡಿದು ಕರೆದೊಯ್ಯುತ್ತಿದ್ದಳು. ಆ ರಾತ್ರಿ ಅವನನ್ನು ಕೇಳಿದಳಂತೆ, ‘ಮತ್ತೆ ಜಕ್ಕೂರಿಗೆ ಹೋಗಿದ್ಯೇನೋ?’

‘ಇಲ್ಲಮ್ಮ. ಇನ್ಮೇಲೆ ಹೋಗಲ್ಲ.’

‘ಊಟ ಆಯ್ತಾ?’

‘ಆಯ್ತಮ್ಮ.’

ಅಮ್ಮ ಆಷಾಢದಲ್ಲಿ ಹೋದಳು. ಕೊನೆಯವರೆಗೂ, ಅವತ್ತು ರಾತ್ರಿ ಪೂರ್ತಿ ನೀನು ಪಕ್ಕದಲ್ಲೇ ಇದ್ದೆಯಲ್ಲ ಅನ್ನುತ್ತಿದ್ದಳು. ಒಮ್ಮೆಯೂ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಈ ನಾಲ್ಕು ವರ್ಷದಲ್ಲಿ ನನಗೆ ಯಾರಾದರೂ ಏನಾದರೂ ಕೊಟ್ಟಿದ್ದರೆ ಆ ಹುಡುಗ ಕೊಟ್ಟ ಆ ಸುಳ್ಳು. ಅದಕ್ಕೆ ಹೇಗೆ ಧನ್ಯವಾದ ಹೇಳುವುದು ಅಂತ ಎರಡು ವರ್ಷದಿಂದ ಯೋಚಿಸಿ, ಏನೂ ಹೊಳೆಯದೆ ಇಲ್ಲಿ ಹೀಗೆ ಬರೆದಿದ್ದೇನೆ. ಇಂಟರ್ನಲ್ಸ್‌ನಲ್ಲಿ ಅವನಿಗೆ ನಂಬರು ಕಡಿಮೆ ಬಂತು, ಅದಕ್ಕೆ ಕ್ಷಮೆ ಕೇಳಿದರೆ ನಕ್ಕ. ‘ಆ ಪೇಪರ್ ಓದಿದ್ರೂ ಬರ್ತಿರ್ಲಿಲ್ಲ ಸರ್.’

ಏಪ್ರಿಲ್ ಮೊದಲ ವಾರ ಫೈರ್‌ನ ಹುಡುಗರಿಗೆ ಸಂಬಳ ಆಯಿತು, ಗಾಡಿಗೆ ಟೈರ್ ಬಂತು, ನೋಟಾಮ್ ಹೊರಡಿಸುವ ಪ್ರಸಂಗ ಬರಲಿಲ್ಲ. ಆ ತಿಂಗಳು ವಿಮಾನದಲ್ಲಿ ಓಡಾಡಿದ ಯಾರಿಗೂ ಇದೊಂದೂ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಟಿಕೆಟ್ ಜಾಸ್ತಿ, ಚಹಾ ತಣ್ಣಗೆ ಅಂತ ದೂರುಪುಸ್ತಕದಲ್ಲಿ ಬರೆದರು. ಚಹಾದ ವಿಷಯದಲ್ಲಿ ಅವರು ಹೇಳಿದ್ದು ನಿಜ.

ನನ್ನ ಜಾಗಕ್ಕೆ ಬಂದಿರುವವರು ಚಿಕ್ಕ ವಯಸ್ಸಿನವರು, ಚುರುಕಾಗಿದ್ದಾರೆ. ಮೊದಲ ದಿನವೇ ಒಂದು ಬಿಲ್ ವಾಪಸ್ ಬಂದು ಮುಖ ಕೆಂಪು ಮಾಡಿಕೊಂಡು ಕೂತಿದ್ದರು. ನಾನು ಏನೂ ಹೇಳಲಿಲ್ಲ. ಮೇಡಂಗೆ ನಿವೃತ್ತಿಗೆ ಇನ್ನು ಎಂಟು ತಿಂಗಳಿದೆ, ಅಷ್ಟರಲ್ಲಿ ಕಲಿಯುತ್ತಾರೆ.

ಹೀಗೊಂದು ಬರೆಯುತ್ತಿದ್ದೇನೆ ಅಂತ ನಿನ್ನೆ ಮೇಡಂಗೆ ಫೋನ್ ಮಾಡಿದೆ. ಹೆಸರಿನ ಮಾತು ಬಂದದ್ದು ಆಗಲೇ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದಿರ್ಲಿ ಸರ್, ಚಾರ್ಜ್ ಲಿಸ್ಟ್‌ನಲ್ಲಿ ಹದಿನೇಳನೇ ಐಟಂ ಟಿಕ್ ಆಗಿಲ್ಲ. ನಿಮ್ಮ ಟೋಕನ್ ಎಲ್ಲಿ?’ ಅಂದರು.

ಬ್ಯಾಗಿನ ಸೈಡ್ ಜೇಬಿನಲ್ಲೇ ಇದೆ ಮೇಡಂ. ಸೋಮವಾರ ತಂದು ನಿಮ್ಮ ಕೈಗೇ ಕೊಡುತ್ತೇನೆ.